ಡಂಕೆಲ್ಡ್‌ನಲ್ಲಿ ತಪ್ಪಿದ ಪೂಜೆ

೨೦೦೬ರ ಬೇಸಿಗೆಯಲ್ಲಿ ಆಫೀಸಿನ ಕೆಲಸಕ್ಕೆ ಸ್ಕಾಟ್‌ಲೆಂಡಿಗೆ ಹೊರಟಾಗ, ಅಮೆರಿಕದ ರಾಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯನ್ನೂ ಕರೆದುಕೊಂಡು ಹೋದೆ. ಉಡುಪಿ ಕಡೆಯ ಕ್ಯಾಥೊಲಿಕರು. ಗಂಡ ತೀರಿಕೊಂಡು ವರ್ಷ ತುಂಬುತ್ತಿತ್ತು. ಕೆಲಸ ಮುಗಿದ ಮೇಲೆ ಗ್ಲಾಸ್ಗೋ, ಡಂಕೆಲ್ಡ್, ಎಲ್ಗಿನ್ ಊರುಗಳ ಮೂರು ಹಳೆಯ ಕ್ಯಾಥೆಡ್ರಲ್ ನೋಡುವುದೆಂದು ನನ್ನ ಲೆಕ್ಕ. ಕಮಾನು, ಕಿಟಕಿ, ಕಲ್ಲುಕೆಲಸಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ಕೊಡಲು ನೋಟ್‌ಬುಕ್ಕನ್ನೂ ಇಟ್ಟುಕೊಂಡಿದ್ದೆ. ಆಂಟಿ ಕೇಳಿದ್ದು ಒಂದೇ: ವರ್ಷದ ದಿನ ಭಾನುವಾರ ಬರುತ್ತದೆ, ಅವತ್ತು ಗಂಡನ ಹೆಸರಿನಲ್ಲಿ ಚರ್ಚಿನಲ್ಲೊಂದು ಪೂಜೆ ಆಗಬೇಕು.

ಗ್ಲಾಸ್ಗೋಗೆ ಒಂಬತ್ತು ಕೊಟ್ಟೆ. ಕಪ್ಪಾದ ಕಲ್ಲು, ನೆಲಮಾಳಿಗೆಯ ಕಂಬಗಳ ಸಾಲು, ಎಲ್ಲಕ್ಕೂ ಮರುಳಾದೆ. ಮೇಣದ ಬತ್ತಿ ಹಚ್ಚುವ ಜಾಗ ಎಲ್ಲಿ ಎಂದು ಆಂಟಿ ಕೇಳಿದರು. ಹುಡುಕುವ ತಾಳ್ಮೆ ನನಗಿರಲಿಲ್ಲ.

ಭಾನುವಾರ ಡಂಕೆಲ್ಡ್‌ನ ಸರದಿ. ನಾವು ತಂಗಿದ್ದ ಮನೆಯಾಕೆ, ಹತ್ತಿರದಲ್ಲೇ ಚಿಕ್ಕ ಕ್ಯಾಥೊಲಿಕ್ ಚರ್ಚಿದೆ, ಒಂಬತ್ತಕ್ಕೆ ಪೂಜೆ ಎಂದಳು. ಆಂಟಿ ಸೀರೆ ಉಟ್ಟು ತಯಾರಾಗಿದ್ದರು.

"ಅಷ್ಟು ಚಿಕ್ಕದು ಯಾಕೆ ಆಂಟಿ? ಕ್ಯಾಥೆಡ್ರಲ್‌ನಲ್ಲೇ ಹನ್ನೊಂದಕ್ಕೆ ಸರ್ವೀಸ್ ಇದೆ, ಚೆಕ್ ಮಾಡಿದೀನಿ," ಎಂದೆ. ಚರ್ಚೆಂದರೆ ಎಲ್ಲ ಒಂದೇ ಎಂದುಕೊಂಡಿದ್ದ ಜಾಣೆ ನಾನು. ಹಣೆಗೆ ಕುಂಕುಮವಿಟ್ಟುಕೊಂಡು ಕ್ರೈಸ್ತರಿಗೆ ದಾರಿ ತೋರಿಸಲು ಹೊರಟಿದ್ದೆ.

ಡಂಕೆಲ್ಡ್‌ನ ಕ್ಯಾಥೆಡ್ರಲ್ಲಿನ ಅರ್ಧ ಭಾಗಕ್ಕೆ ಚಾವಣಿಯಿಲ್ಲ. ಆಂಟಿ ಇನ್ನರ್ಧದಲ್ಲಿ ಪ್ರಾರ್ಥನೆಗೆ ಕೂತರು. ನಾನು ಹೊರಗೆ ಬಯಲಾದ ಕಮಾನುಗಳನ್ನು ಗ್ಲಾಸ್ಗೋದವುಗಳೊಂದಿಗೆ ತಾಳೆ ನೋಡುತ್ತಾ ನಿಂತೆ. ಎಷ್ಟು ಖುಷಿಯಲ್ಲಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಂಟಿ ಹೊರಬಂದಾಗ, ಪಾದ್ರಿಗೆ ಕೊಡಲೆಂದು ಗಂಡನ ಹೆಸರು ಬರೆದಿದ್ದ ಚೀಟಿ ಕೈಯಲ್ಲೇ ಇತ್ತು.

"ಇದು ನಮ್ಮವರದ್ದಲ್ಲ, ಪ್ರೊಟೆಸ್ಟೆಂಟರದ್ದು. ಸತ್ತವರಿಗಾಗಿ ಪ್ರಾರ್ಥನೆ ಮಾಡುವ ಕ್ರಮ ಇವರಲ್ಲಿ ಇಲ್ಲವಂತೆ. ನಾನು ಮನಸ್ಸಲ್ಲೇ ಹೇಳಿದೆ," ಎಂದರು.

ಸಂಜೆ ಎಲ್ಲಾದರೂ ಪೂಜೆ ಸಿಗುತ್ತಿತ್ತೇನೋ. ಹುಡುಕುತ್ತೇನೆ ಎಂದೆ, ಬಾಯಿಮಾತಿಗೆ. ಬೇಡ, ನಿನ್ನ ಎಲ್ಗಿನ್ ತಪ್ಪುತ್ತದೆ ಎಂದರು. ಅಷ್ಟಕ್ಕೇ ಕಾದಿದ್ದವಳಂತೆ ಕಾರು ಹೊರಡಿಸಿದೆ. ಎಲ್ಗಿನ್ ಕ್ಯಾಥೆಡ್ರಲ್ ಪೂರ್ತಿ ಪಾಳು. ಆದರೂ ಅದಕ್ಕೆ ಎಂಟು ಕೊಟ್ಟೆ. ಆಂಟಿ ಇಳಿಯಲಿಲ್ಲ, ಕಾರಿನಲ್ಲೇ ಕೂತು ಜಪಮಾಲೆ ಎಣಿಸಿದರು.

ಮರುವರ್ಷ ರಾಲಿಯಲ್ಲಿ, ಗಂಡ ತೀರಿಕೊಂಡ ದಿನದ ಹಿಂದಿನ ಸಂಜೆ ಆಂಟಿಯ ಬಾಗಿಲು ತಟ್ಟಿ, ನಾಳೆ ಪೂಜೆಗೆ ನಾನೇ ಡ್ರೈವ್ ಮಾಡ್ತೀನಿ ಎಂದೆ. ಅವರ ದನಿಯಲ್ಲಿ ಕೋಪವಿರಲಿಲ್ಲ.

"ಬೇರೆಯವರ ಹತ್ತಿರ ಹೇಳಿದ್ದೇನೆ ಮಗಾ. ನಿನಗೆ ಸುಮ್ಮನೆ ಯಾಕೆ ತೊಂದರೆ," ಎಂದರು.

ಆ ದಿನಕ್ಕೆಂದೇ ನಾನು ರಜೆ ಹಾಕಿದ್ದೆ.