ಬಲಗೈ ಹೆಬ್ಬೆರಳ ಉಗುರು

ಕರ್ಜಗಿಯ ಮೈಲವ್ವ ಓದಿದ್ದು ಎರಡನೇ ಇಯತ್ತೆ. ಆದರೆ ಯಾರಿಗೆ ಮಜ್ಜಿಗೆಯಲ್ಲಿ ಉಪ್ಪು ಬೇಡ, ಯಾರನ್ನು ಹಿಂದಿನಿಂದ ಮುಟ್ಟಬಾರದು ಎಂಬುದನ್ನೆಲ್ಲ ಆಕೆಯಿಂದಲೇ ನಾವು ತಿಳಿಯುತ್ತಿದ್ದೆವು. ೧೯೮೮ರಲ್ಲಿ, ಹಾವೇರಿಯ ಎಂಟು ಮಂಚಗಳ ಒಂದು ಖಾಸಗಿ ಮಾನಸಿಕ ದವಾಖಾನೆಯಲ್ಲಿ ಆಕೆ ಆಯಾ, ನಾನು ಕೇಸ್ ಪೇಪರ್ ಬರೆಯುವವನು.

ಅಕ್ಟೋಬರ್ ೧೭, ಸೋಮವಾರ. ಆರನೇ ಮಂಚದ ಶೇಖವ್ವ ಬಂದು ಅಂದಿಗೆ ಹತ್ತೊಂಬತ್ತು ದಿನ. ರಾಣೆಬೆನ್ನೂರು ಕಡೆಯವಳು, ವಯಸ್ಸು ಇಪ್ಪತ್ತೆಂಟು. ಊಟ ಮಾಡುತ್ತಿದ್ದಳು, ಗುಳಿಗೆ ನುಂಗುತ್ತಿದ್ದಳು, ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಸೋಮವಾರ ನಮ್ಮಲ್ಲಿ ಎಲ್ಲರ ಉಗುರು ಕತ್ತರಿಸುವ ದಿನ. ಮೊದಲ ಸೋಮವಾರ ಆಕೆ ಸಿಸ್ಟರ್ ಅನಸೂಯಾಬಾಯಿಯವರ ಕೈ ಕಚ್ಚಿದಳು. ಎರಡನೆಯದರಲ್ಲಿ ಟ್ರೇ ಒದ್ದಳು. ಎರಡು ಸಲವೂ ಮಂಚಕ್ಕೆ ಕಟ್ಟಿ ಇಂಜೆಕ್ಷನ್ ಕೊಟ್ಟೆವು. ಎಡಗೈಯ ಉಗುರು ಕತ್ತರಿಸಲಾಯಿತು. ಬಲಗೈ ಮುಷ್ಟಿ ನಿದ್ದೆಯಲ್ಲೂ ಬಿಚ್ಚಲಿಲ್ಲ. 'ಆಕ್ರಮಣಕಾರಿ' ಎಂದು ಬರೆದವನು ನಾನೇ.

ಮೂರನೇ ಸಲವೂ ಹೀಗಾದರೆ ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಪ್ರತಿ ಭಾನುವಾರ ಬಂದು ಹೋಗುವ ಅಣ್ಣ ಅಂಜಿನಪ್ಪನೊಬ್ಬನೇ ಅವಳಿಗೆ ಆಸರೆ. ಅಷ್ಟು ದೂರ ಅವನೂ ಹೋಗಲಾರ.

ಅನಸೂಯಾಬಾಯಿ ಟ್ರೇ ಜೊತೆಗೆ ಕಟ್ಟುವ ಪಟ್ಟಿಯನ್ನೂ ತಂದರು. ಮೈಲವ್ವ ಅಡ್ಡ ನಿಂತಳು.

"ಬಾಯಾರ, ಸ್ವಲ್ಪ ತಡೀರಿ. ಆಕಿ ಕೈ ನೋಡ್ರಿ."

"ನೋಡೋದೇನದ? ಆಕಿ ಕಚ್ಚಿದ ಗುರ್ತು ನನ್ನ ಕೈಮ್ಯಾಲೆ ಇನ್ನೂ ಅದ, ಬೇಕಾದ್ರ ಅದನ್ನ ನೋಡು."

"ಅದನ್ನ ದಿನಾ ನೋಡಾಕತ್ತೇನ್ರಿ. ಚಲೋ ಮೂಡೈತಿ."

ಸಿಸ್ಟರ್ ನಗು ತಡೆದುಕೊಳ್ಳುವಷ್ಟರಲ್ಲಿ ಮೈಲವ್ವ ಮಂಚದ ಬದಿಗೆ ನೆಲದ ಮೇಲೆ ಕೂತು, ಸೆರಗಿನಿಂದ ಒಂದು ದಾಸವಾಳದ ಮೊಗ್ಗು ತೆಗೆದಳು. "ಯವ್ವಾ ಶೇಖವ್ವ, ಕ್ರಾಸಿಂಗಿಗೆ ಹೋಗ್ತಿದ್ದಿ ಅಂತಲ್ಲ? ಇದನ್ನ ಬಿಡಿಸಿ ತೋರ್ಸು. ನನಗ ಮರ್ತೈತಿ."

ಮುಷ್ಟಿ ಬಿಚ್ಚಿತು! ಹೆಬ್ಬೆರಳಿಗೆ ಉದ್ದನೆಯ, ಗಟ್ಟಿ ಉಗುರು. ಅದು ಮೊಗ್ಗಿನ ಬುಡದಲ್ಲಿ ಇಳಿದು ಒಂದು ಸುತ್ತು ತಿರುಗಿತು. ಎಸಳು, ಕೇಸರ ಎಲ್ಲ ಟೊಪ್ಪಿಗೆಯಂತೆ ಕಳಚಿ ಬಂದವು. ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗ, ಒಂದು ಗೀರೂ ಇಲ್ಲದೆ ನೆಟ್ಟಗೆ ನಿಂತಿತ್ತು. ಬಿ.ಎಸ್ಸಿ.ಯಲ್ಲಿ ಹೊಸ ಬ್ಲೇಡು ಹಿಡಿದು ಹತ್ತು ದಾಸವಾಳದಲ್ಲಿ ಏಳನ್ನು ಕೆಡಿಸಿದವ ನಾನು.

ಹೈಬ್ರಿಡ್ ಹತ್ತಿಬೀಜದ ಹೊಲಗಳಲ್ಲಿ ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಅದೇ ಕ್ರಾಸಿಂಗ್; ಹತ್ತಿಯ ಮೊಗ್ಗೂ ದಾಸವಾಳದ ಜಾತಿಯದೇ. ಕೀಳಲು ಹತಾರ ಒಂದೇ, ಹೆಬ್ಬೆರಳ ಉಗುರು. ನಾವು ಎರಡು ವಾರದಿಂದ ಕಸಿದುಕೊಳ್ಳಲು ಹೊರಟಿದ್ದು ಅದನ್ನೇ. ಆಕೆಯ ಕೆಲಸವೇನೆಂದು ನಾನು ಅಂಜಿನಪ್ಪನನ್ನು ಕೇಳಿದಾಗ "ಹತ್ತಿ ಹೊಲದಾಗ ಕೂಲಿರಿ" ಅಂದಿದ್ದ. 'ಕೂಲಿ' ಎಂದು ಬರೆದು ಮುಗಿಸಿದ್ದೆ. ಮೈಲವ್ವ ಹಿಂದಿನ ದಿನ ಅವನಿಗೆ ಇನ್ನೊಂದು ಪ್ರಶ್ನೆ ಕೇಳಿದ್ದಳು: "ಕಳೆ ತಗೀತಾಳೋ, ಹತ್ತಿ ಬಿಡಿಸ್ತಾಳೋ, ಕ್ರಾಸಿಂಗೋ?" ಆರು ಹಂಗಾಮು ತಾನೇ ಆ ಕೆಲಸಕ್ಕೆ ಹೋದವಳಾದ್ದರಿಂದ ಕೇಳಬೇಕೆಂದು ಆಕೆಗೆ ಹೊಳೆದಿತ್ತು.

ಶೇಖವ್ವ ಸಿಸ್ಟರ್ ಕಡೆ ತಿರುಗಿದಳು. ದನಿ ಒಣಗಿತ್ತು, ಮಾತು ಸ್ಪಷ್ಟವಿತ್ತು.

"ಒಂಬತ್ತು ತಗೀರಿ. ಇದೊಂದು ಬಿಡ್ರಿ. ಹೊಲದಾಗ ಇನ್ನೂ ಸಾಲು ಬಾಕಿ ಅದಾವು."

ಅನಸೂಯಾಬಾಯಿ ಕಚ್ಚಿದ ಗುರುತು ಮರೆತು ಬಾಗಿಲಿಗೆ ಓಡಿದರು. "ಸಾಹೇಬ್ರ, ಲಗೂ ಬರ್ರಿ! ಆರನೇ ಮಂಚ ಮಾತಾಡ್ತು!"

"ಮಂಚ ಎಲ್ಲ್ಯರ ಮಾತಾಡ್ತೈತೇನ್ರಿ ಬಾಯಾರ?" ಎಂದಳು ಮೈಲವ್ವ. "ಶೇಖವ್ವ ಮಾತಾಡಿದ್ಲು ಅನ್ರಿ."

ಡಾಕ್ಟರು ಬಂದರು, ಮೊಗ್ಗನ್ನು ತಿರುಗಿಸಿ ನೋಡಿದರು, ಪಟ್ಟಿಯನ್ನು ತಾವೇ ಒಯ್ದು ಕಪಾಟಿನಲ್ಲಿಟ್ಟರು. ದೊಡ್ಡ ಆಸ್ಪತ್ರೆಯ ಮಾತು ಅಲ್ಲಿಗೇ ಮುಗಿಯಿತು. ನಾನು 'ಕೂಲಿ' ಎಂಬುದನ್ನು ಹೊಡೆದುಹಾಕಿ 'ಹತ್ತಿ ಕ್ರಾಸಿಂಗ್, ನುರಿತ ಕೈ' ಎಂದು ಬರೆದೆ. 'ಆಕ್ರಮಣಕಾರಿ' ಎಂಬುದನ್ನೂ ಹೊಡೆದು ತಾರೀಖು ಹಾಕಿದೆ.

ಮುಂದಿನ ಸೋಮವಾರ ಟ್ರೇ ಬರುವ ಮೊದಲೇ ಶೇಖವ್ವ ಎರಡೂ ಕೈ ಚಾಚಿ ಕೂತಿದ್ದಳು, ಬಲ ಹೆಬ್ಬೆರಳೊಂದನ್ನು ಮಡಚಿಕೊಂಡು.