ನಾಶಪಡಿಸಿದ ಕಾಗದಗಳ ಪಟ್ಟಿ

ಅಮೆರಿಕದ ಸೆಂಟರ್‌ವಿಲ್‌ನ ಮಗಳ ಮನೆಯಲ್ಲಿ ನಾನು ಬೆಳಿಗ್ಗೆ ಐದಕ್ಕೆ ಎದ್ದು ಏಳರೊಳಗೆ ಎಲ್ಲ ಕೆಲಸ ಮುಗಿಸಿಬಿಡುತ್ತಿದ್ದೆ. ಆಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಮಗಳು, ಅಳಿಯ ಎಂಟಕ್ಕೆ ಕಾರು ಹತ್ತಿದರೆ ಬರುತ್ತಿದ್ದುದು ಸಂಜೆ ಆರರ ಮೇಲೆ. ಇದು ತೊಂಬತ್ತರ ದಶಕದ ಮಾತು. ಮೈಸೂರಿನ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದ ಮೇಲೆ ಅಲ್ಲಿಗೆ ಹೋಗಿದ್ದೆ. ಮೊದಲ ವಾರ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಎರಡನೆಯ ವಾರ ಗರಾಜನ್ನು ಜೋಡಿಸಿದೆ. ಮೂರನೆಯ ವಾರ ಮಗಳು ಕೈಮುಗಿದಳು.

"ಅಮ್ಮಾ, ದಮ್ಮಯ್ಯ, ನನ್ನ ಬೀರುಗೆ ಮಾತ್ರ ಕೈ ಹಾಕ್ಬೇಡ. ಪಕ್ಕದ್ಮನೆಯವರಿಗೆ ಪೇಪರ್ಸ್ ಜೋಡಿಸೋಕೆ ಯಾರಾದ್ರೂ ಬೇಕಂತೆ. ಅಲ್ಲಿ ಹೋಗಿ ಎಷ್ಟು ಬೇಕಾದ್ರೂ ಆರ್ಗನೈಜ್ ಮಾಡು."

ಪಕ್ಕದ ಮನೆಯಾಕೆ ನನಗಿಂತ ಮೂರು ವರ್ಷ ದೊಡ್ಡವರು. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದವರು, ಯೆಹೂದಿ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಚಳಿಗಾಲದವರೆಗೆ ಓದಬಹುದು, ಆಮೇಲೆ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವರು ಒಂದು ಪುಸ್ತಕ ಮುಗಿಸಬೇಕಿತ್ತು. ಯುರೋಪಿನ ಒಂದು ಊರು; ಅಲ್ಲಿನ ದೊಡ್ಡ ಚರ್ಚಿನ ಹಿಂದೆ ಒಂದು ಬೀದಿ; ಆ ಬೀದಿಯಲ್ಲಿ ಆರೇಳು ನೂರು ವರ್ಷಗಳ ಹಿಂದೆ ಇದ್ದ ಯೆಹೂದಿ ಮನೆಗಳು. ಆ ಜನರನ್ನು ಊರಿನಿಂದ ಹೊರಹಾಕಿದ ಮೇಲೆ ಅವರದೆಂದು ಹೇಳುವಂಥದ್ದು ಅಲ್ಲಿ ಉಳಿಯಲಿಲ್ಲ. ಉಳಿದದ್ದು ಚರ್ಚಿನ ದಫ್ತರುಗಳು. ಯಾರ ಮನೆ ಎಲ್ಲಿತ್ತು, ಬಾವಿಯಲ್ಲಿ ಯಾರಿಗೆ ಪಾಲಿತ್ತು, ಯಾರ ಮೇಲೆ ಯಾರು ದೂರು ಕೊಟ್ಟರು, ಎಲ್ಲವನ್ನೂ ಪಾದ್ರಿಗಳ ಗುಮಾಸ್ತ ಬರೆದಿಟ್ಟಿದ್ದ. ಆಕೆ ಅದರ ಮೈಕ್ರೋಫಿಲ್ಮನ್ನು ಇಲ್ಲಿನ ಲೈಬ್ರರಿಗೆ ತರಿಸಿ, ಒಂದು ಚಳಿಗಾಲವೆಲ್ಲ ಕೂತು, ಪುಟಪುಟವನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದಿದ್ದರು. ಫಿಲ್ಮ್ ವಾಪಸು ಹೋಗಿತ್ತು. ಪ್ರಿಂಟುಗಳು ಐದು ರಟ್ಟಿನ ಪೆಟ್ಟಿಗೆಗಳಲ್ಲಿ ಕಲಸಿ ಹೋಗಿದ್ದವು.

"ಲ್ಯಾಟಿನ್ ಬರುತ್ತಾ?" ಎಂದು ಕೇಳಿದರು.

"ಇಲ್ಲ. ನಂಬರು ಬರುತ್ತೆ."

"ಸಾಕು. ನನ್ನ ಶಿಷ್ಯರಲ್ಲಿ ಎಷ್ಟೋ ಜನಕ್ಕೆ ಎರಡೂ ಬರ್ತಿರಲಿಲ್ಲ."

ಹತ್ತರಿಂದ ಹನ್ನೆರಡೂವರೆ, ಎರಡರಿಂದ ನಾಲ್ಕು. ಅವರ ಊಟದ ಮೇಜಿನ ಮೇಲೆ ಪ್ರತಿ ಹಾಳೆಯ ಮೂಲೆಯಲ್ಲಿದ್ದ ನಂಬರು ನೋಡಿ ಜೋಡಿಸಿದೆ. ಬರೆದವನ ಮೇಲೆ ನನಗೆ ಗೌರವ ಹುಟ್ಟಿತು. ನಾಲ್ಕೂ ಕಡೆ ಒಂದೇ ಅಳತೆಯ ಅಂಚು, ಸಾಲಿನಿಂದ ಸಾಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ತಿದ್ದಿ ಬರೆದದ್ದು ಎಲ್ಲೂ ಇಲ್ಲ. ನಮ್ಮ ಕಚೇರಿಯಲ್ಲಿ ಇಂಥವನೊಬ್ಬ ಇದ್ದಿದ್ದರೆ ನನ್ನ ಅರ್ಧ ತಲೆನೋವು ಕಡಿಮೆಯಾಗುತ್ತಿತ್ತು ಎಂದು ಆಕೆಗೆ ಹೇಳಿದೆ. ಅವರು ನಕ್ಕರು.

ಹನ್ನೊಂದನೆಯ ದಿನ ಕೆಲಸ ಮುಗಿಯಿತು. ಆಕೆ ಕಣ್ಣಿನ ಡಾಕ್ಟರ ಬಳಿಗೆ ಹೋಗಿದ್ದರು. ಮೇಜಿನ ಮೇಲೆ ಮೂವತ್ತೆರಡು ಹಾಳೆಗಳು ಉಳಿದವು. ನಂಬರಿಲ್ಲ. ಸುತ್ತ ಕಪ್ಪು, ನಡುವೆ ಹರಿದ ತುಂಡು, ಅದರಲ್ಲಿ ಬೇರೆ ಯಾವುದೋ ಲಿಪಿ. ಕೆಲವು ಅಡ್ಡ, ಕೆಲವು ಅರ್ಧಕ್ಕೆ ಕತ್ತರಿಸಿದ್ದು. ನೋಡಿದ ಕೂಡಲೇ ಗೊತ್ತಾಯಿತು: ದಫ್ತರಿನ ರಟ್ಟಿನ ಒಳಮೈ. ರಟ್ಟು ಗಟ್ಟಿಯಾಗಲೆಂದು ರದ್ದಿ ಕಾಗದ ಅಂಟಿಸುವುದು ನಮ್ಮಲ್ಲೂ ಉಂಟು. ಫಿಲ್ಮ್ ತೆಗೆದವನು ಅದನ್ನೂ ಬಿಡದೆ ತೆಗೆದಿದ್ದ. ನಂಬರಿಲ್ಲದ್ದು ದಾಖಲೆಯಲ್ಲ, ಇದು ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತದ್ದು.

ಆದರೆ ಪಟ್ಟಿ ಮಾಡದೆ ಒಂದು ಚೂರು ಕಾಗದವನ್ನೂ ಎಸೆದವಳಲ್ಲ ನಾನು. ನನ್ನ ನೋಟ್‌ಪುಸ್ತಕದಲ್ಲಿ ಗೆರೆ ಎಳೆದೆ. ಕ್ರಮಸಂಖ್ಯೆ, ಮೊದಲ ಸಾಲು, ಒಟ್ಟು ಸಾಲುಗಳು, ನಾಶಪಡಿಸಿದವರ ಸಹಿ. ಓದಲು ಬಾರದ ಲಿಪಿಯಾದರೆ ಮೊದಲ ಸಾಲನ್ನು ಕಂಡ ಹಾಗೆ ತೆಗೆದು ಬರೆಯುವುದು ನನ್ನ ಪದ್ಧತಿ. ಮೈಸೂರಿನಲ್ಲಿ ಮೋಡಿ ಲಿಪಿಯ ಹಳೆಯ ಕಾಗದಗಳಿಗೆ ಹಾಗೇ ಮಾಡುತ್ತಿದ್ದೆ. ಮೂವತ್ತೆರಡಕ್ಕೂ ಬರೆದು, ಸಹಿ ಹಾಕಿ, ಹಾಳೆಗಳನ್ನು ಅವರ ಗರಾಜಿನಲ್ಲಿದ್ದ ಹಳೆ ಪೇಪರಿನ ಚೀಲಕ್ಕೆ ಹಾಕಿದೆ. ಮಾರನೆಯ ಬೆಳಿಗ್ಗೆ ರೀಸೈಕಲ್ ಟ್ರಕ್ ಬಂದು ಹೋಯಿತು.

ಮುಂದಿನ ವಾರದಿಂದ ಅವರು ಭೂತಗನ್ನಡಿ ಹಿಡಿದು ಬೇಕಾದ ಹಾಳೆಗಳನ್ನಷ್ಟೇ ಓದಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಒಬ್ಬ ಯೆಹೂದಿ ವೈದ್ಯ ಕಾಯಿಲೆ ಬಿದ್ದ ಪಾದ್ರಿಯನ್ನು ನೋಡಲು ಬರಬಹುದು, ಆದರೆ ಹಿಂಬಾಗಿಲಿನಿಂದ. ಒಬ್ಬ ವಿಧವೆ ತನ್ನ ಮನೆಯ ಕಿಟಕಿಯನ್ನು ಚರ್ಚಿನ ಕಡೆಗೆ ತೆರೆಯಕೂಡದು. ಮೂರನೆಯ ದಿನ ಇದು ಬಂತು: ಯೆಹೂದಿಯಾದವನು ಸಂತೆಯಲ್ಲಿ ಮೀನನ್ನಾಗಲಿ ಹಣ್ಣನ್ನಾಗಲಿ ಮುಟ್ಟಿದರೆ ಅದನ್ನು ಅವನೇ ಕೊಳ್ಳಬೇಕು, ಬೇರೆಯವರಿಗೆ ಮಾರುವಂತಿಲ್ಲ.

ನನ್ನ ಪೆನ್ನು ನಿಂತಿತು.

"ಕಾಗುಣಿತ ಹೇಳಲಾ?" ಎಂದರು.

"ಬೇಡ. ನಮ್ಮಜ್ಜಿ ಸಂತೆಯಿಂದ ಬಂದ ತರಕಾರಿಗೆ ನೀರು ಚಿಮುಕಿಸಿಯೇ ಒಳಗೆ ತರುತ್ತಿದ್ದರು."

"ಯಾರು ಮುಟ್ಟಿದ್ದರು ಅಂತ?"

"ಯಾರಾದರೂ ಮುಟ್ಟಿರಬಹುದು ಅಂತ."

ಅವರು ಭೂತಗನ್ನಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ಅಜ್ಜಿಗೆ ಆ ನೀರು ತಂದುಕೊಡುತ್ತಿದ್ದವಳು ನಾನೇ. ಮುಂದಿನ ವಾಕ್ಯ ಹೇಳಿ ಎಂದೆ.

ಐದನೆಯ ಪೆಟ್ಟಿಗೆಯ ನಡುವೆ, ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದ ಹಾಳೆ ಬಂತು. ಒಂದರ ಕೆಳಗೊಂದು ಹದಿನೇಳು ಸಾಲು, ಮುತ್ತು ಪೋಣಿಸಿದ ಹಾಗೆ. ಜೋಡಿಸುವಾಗ ಅದನ್ನು ಒಂದು ಸಂಜೆ ಮನೆಗೊಯ್ದು ಮಗಳಿಗೂ ತೋರಿಸಿದ್ದೆ. ಈಗ ಪಕ್ಕದ ಮನೆಯಾಕೆ ಅದನ್ನು ಓದಿದರು: ಬೀದಿಯ ಮೊದಲ ಮನೆ, ಹಿಂದೆ ಯೆಹೂದಿ ವೈದ್ಯನದು, ಈಗ ಖಾಲಿ. ಎರಡನೆಯ ಮನೆ, ಹಿಂದೆ ವಿಧವೆಯದು, ಈಗ ಖಾಲಿ. ಮೂರನೆಯದು, ಈಗ ಖಾಲಿ. ಹದಿನೇಳೂ ಹಾಗೇ. ಹಿಂದಿನ ಹಾಳೆಯಲ್ಲಿ ಮನೆ ತುಂಬ ಜನರಿದ್ದರು, ಜಗಳವಿತ್ತು, ಒಲೆಯ ಹೊಗೆಯ ಮೇಲೆ ದೂರಿತ್ತು. ನಡುವೆ ಏನಾಯಿತೆಂದು ಗುಮಾಸ್ತ ಒಂದು ಮಾತೂ ಬರೆದಿರಲಿಲ್ಲ. ಅಕ್ಷರ ಎಲ್ಲೂ ನಡುಗಿರಲಿಲ್ಲ. ಇಂಥವನು ನಮ್ಮ ಕಚೇರಿಗೆ ಬೇಕಿತ್ತು ಎಂದವಳು ನಾನು.

"ಇಷ್ಟು ಹೊತ್ತು ಅವರ ವಿಷಯ ಬೇರೆಯವರು ಹೇಳಿದ್ದಾಯಿತು," ಎಂದರು ಆಕೆ. ಮುಖದಲ್ಲಿ ಒಂದು ಬಗೆಯ ಕಳೆ ಬಂದಿತ್ತು. "ಇನ್ನು ಅವರದೇ ಮಾತು. ಅದನ್ನ ಕೊನೆಗೆ ಅಂತ ಉಳಿಸಿಕೊಂಡಿದ್ದೆ. ರಟ್ಟಿನ ಹಾಳೆಗಳನ್ನ ಕೊಡಿ."

"ಯಾವ ರಟ್ಟಿನ ಹಾಳೆ?"

"ಹೀಬ್ರೂ ಇರೋವು. ಅವರನ್ನ ಓಡಿಸಿದ ಮೇಲೆ ಮನೆಯಲ್ಲಿ ಸಿಕ್ಕ ಪುಸ್ತಕ, ಕಾಗದ ಎಲ್ಲ ಕತ್ತರಿಸಿ ಈ ದಫ್ತರುಗಳ ರಟ್ಟಿಗೆ ಅಂಟಿಸಿದರು. ಅದರಿಂದಲೇ ಉಳಿದವು. ಮೂವತ್ತು ಚಿಲ್ಲರೆ ಇದ್ದವು."

ಮೂವತ್ತೆರಡು. ಎದ್ದು ಗರಾಜಿಗೆ ಹೋದೆ. ಚೀಲ ಹೋಗಿ ಹದಿನೈದು ದಿನವಾಗಿತ್ತು, ಅದು ನನಗೆ ಗೊತ್ತಿತ್ತು. ಆದರೂ ಹೊಸ ಚೀಲದಲ್ಲಿದ್ದ ಪೇಪರುಗಳನ್ನೆಲ್ಲ ಸಿಮೆಂಟಿನ ನೆಲದ ಮೇಲೆ ಸುರಿದು ಹುಡುಕಿದೆ. ಅವರು ಬಂದು ಹಿಂದೆ ನಿಂತರು. ಅವರಿಗೆ ಆಗ ಎಲ್ಲ ತಿಳಿಯಿತು.

"ಫಿಲ್ಮನ್ನ ಮತ್ತೆ ತರಿಸಬಹುದಲ್ಲ?" ಎಂದೆ.

"ಆರು ತಿಂಗಳು. ಬರುವ ಹೊತ್ತಿಗೆ ಓದೋರು ಯಾರು?"

ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಮಗಳು ಕೌಂಟಿಯ ಕಚೇರಿಗೆ ಫೋನು ಮಾಡಿದಳು. ಅದು ಆಗಲೇ ಪೇಪರ್ ಮಿಲ್ಲಿಗೆ ಹೋಗಿರುತ್ತದೆ ಎಂದರಂತೆ. "ಅಮ್ಮಾ, ಎಸೆಯೋಕೆ ಮುಂಚೆ ಒಂದು ಸಲ ಕೇಳ್ಬಾರ್ದಾಗಿತ್ತಾ?" ಎಂದಳು. ಮೂವತ್ತೊಂದು ವರ್ಷ ನಾನು ಯಾರನ್ನೂ ಕೇಳಿದವಳಲ್ಲ. ಮೈಸೂರಿನಲ್ಲಿ ಹಳೆಯ ರಟ್ಟುಗಳನ್ನು ಕೀಳಿಸಿ ಹೊಸದು ಹಾಕಿಸಿದ ಲೆಕ್ಕವೇ ಇರಲಿಲ್ಲ. ಅವುಗಳ ಒಳಮೈಯಲ್ಲಿ ಏನಿತ್ತು ಎಂದು ಒಂದು ದಿನವೂ ನೋಡಿರಲಿಲ್ಲ. ಅದಕ್ಕೆ ಪಟ್ಟಿಯೂ ಇರಲಿಲ್ಲ.

ಪಟ್ಟಿ ಎಂದಾಗ ನೋಟ್‌ಪುಸ್ತಕ ನೆನಪಾಯಿತು. ಮರುದಿನ ಹತ್ತು ಗಂಟೆಗೆ ಅದನ್ನು ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಅವರು ತಕ್ಷಣ ಒಳಗೆ ಕರೆಯಲಿಲ್ಲ. ಪುಸ್ತಕ ಬಿಡಿಸಿ ತೋರಿಸಿದೆ. "ಮೊದಲ ಸಾಲು ಮಾತ್ರ. ಕಂಡ ಹಾಗೆ ಬರೆದಿದ್ದೀನಿ. ಅಕ್ಷರ ಗೊತ್ತಿಲ್ಲ."

ಬಾಗಿಲಲ್ಲೇ ನಿಂತು ಕಣ್ಣಿಗೆ ಹತ್ತಿರ ಹಿಡಿದರು. ಆಮೇಲೆ ಪುಸ್ತಕವನ್ನು ತಲೆಕೆಳಗು ಮಾಡಿದರು.

"ಕೆಲವು ಉಲ್ಟಾ ಬರೆದಿದ್ದೀರಿ," ಎಂದರು. "ಬನ್ನಿ ಒಳಗೆ."

ಮೂವತ್ತೆರಡು ಸಾಲುಗಳಿಗೆ ಹತ್ತು ದಿನ ಹಿಡಿಯಿತು. ನನ್ನ ಗೀಚಾಟದಲ್ಲಿ ಹತ್ತೊಂಬತ್ತು ಏನೆಂದು ತಿಳಿಯಲೇ ಇಲ್ಲ. ಕೆಲವಕ್ಕೆ ನಾನು ಹಾಳೆಯನ್ನು ತಿರುವಿ ಹಿಡಿದಿದ್ದೆ. ಮೊದಲ ಸಾಲೆಂದು ಬರೆದದ್ದು ಕೊನೆಯ ಸಾಲಾಗಿತ್ತು. ಹನ್ನೆರಡು ಪ್ರಾರ್ಥನೆಯವು. ಅವನ್ನು ಆಕೆ ಅರ್ಧಕ್ಕೇ ಗುರುತು ಹಿಡಿದು ಬಾಯಲ್ಲಿ ಮುಗಿಸುತ್ತಿದ್ದರು, ಅಪ್ಪ ಕಲಿಸಿದ್ದಂತೆ. ಉಳಿದದ್ದು ಒಂದು, ಇಪ್ಪತ್ತಾರನೆಯದು. ಅದರ ಮೇಲೆ ಬಹಳ ಹೊತ್ತು ಕೂತರು.

"ಇದು ಪುಸ್ತಕದ್ದಲ್ಲ. ಯಾರೋ ಮನೆಗೆ ಬರೆದ ಕಾಗದ. 'ಅಕ್ಕನಿಗೆ ತಿಳಿಸುವುದೇನೆಂದರೆ, ನಾವು ಇಲ್ಲಿ'... ಅಷ್ಟೇ ಇರೋದು. ಕೆಳಗೆ ಏನಿತ್ತು?"

ನನ್ನ ಪಟ್ಟಿಯನ್ನು ನೋಡಿದೆ. ಮೂರನೆಯ ಕಾಲಮಿನಲ್ಲಿ ನನ್ನದೇ ಅಕ್ಷರ, ಅಚ್ಚುಕಟ್ಟಾಗಿ. "ಒಟ್ಟು ಏಳು ಸಾಲು."

"ಇನ್ನೂ ಆರು ಸಾಲು," ಎಂದರು. "ಏನಾದರೂ ನೆನಪಿದೆಯಾ? ಒಂದಾದರೂ ಅಕ್ಷರ?"

ಕಣ್ಣು ಮುಚ್ಚಿ ನೋಡಿದೆ. ಕಪ್ಪು ಅಂಚು ಮಾತ್ರ ನೆನಪಿಗೆ ಬಂತು. ಇಲ್ಲ ಎಂದೆ.

ಅವರು ತಮ್ಮ ಪುಸ್ತಕಕ್ಕೆ ಹೇಳಿ ಬರೆಸಿದರು: ಮೊದಲ ಸಾಲು, ಆಮೇಲೆ ಆರು ಸಾಲು ಕಳೆದಿದೆ. ನಾನು ಪೆನ್ನು ಕೆಳಗಿಡಲು ಹೋದಾಗ ನನ್ನ ಪಟ್ಟಿಯ ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು.

"ನಾಶಪಡಿಸಿದವರ ಸಹಿ."

"ಅದನ್ನೂ ಪುಸ್ತಕಕ್ಕೆ ಬರೆಯಿರಿ," ಎಂದರು.

ಬರೆದೆ.