ಸೊಂಡಿಲು ಮುರಿದ ಸಕ್ಕರೆ ಆನೆಗಳು

ಈ ಸಲದ ಗೌರಿ ಹುಣ್ಣಿಮೆಯ ಹಿಂದಿನ ದಿನ ಬೆಟಗೇರಿಯ ಅಣ್ಣನ ಮನೆಯಲ್ಲಿ, ಅಂದರೆ ನಾನು ಹುಟ್ಟಿ ಬೆಳೆದ ನನ್ನ ತವರಿನಲ್ಲೇ, ಒಂದು ಪ್ಲಾಸ್ಟಿಕ್ ಡಬ್ಬಿ ತೆರೆದರು. ಗುಲಾಬಿ ಎಸೆನ್ಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದು ತಿನ್ನುವ ಪದಾರ್ಥದ ವಾಸನೆಯೋ ಮೈಗೆ ಹಚ್ಚುವ ಸಾಬೂನಿನದೋ ತಿಳಿಯದು. ಒಳಗೆ ಸಕ್ಕರೆ ಆರತಿಯ ಗೊಂಬೆಗಳಿದ್ದವು. ಡಬ್ಬಿಯ ಮೇಲೆ ‘ಮನೆಯಲ್ಲೇ ಮಾಡಿದ್ದು’ ಎಂಬ ಚೀಟಿ. ಯಾರ ಮನೆಯಲ್ಲಿ ಎಂದು ಬರೆಯುವ ಧೈರ್ಯ ಮಾತ್ರ ಯಾರಿಗೂ ಆಗಿರಲಿಲ್ಲ. ನವಿಲು ನೆನೆದ ಕೋಳಿಯ ಹಾಗಿತ್ತು. ಆನೆಗೆ ಕಣ್ಣೇ ಇರಲಿಲ್ಲ.

ಆ ಕುರುಡು ಆನೆಯನ್ನು ನೋಡುತ್ತಲೇ ನನಗೆ ಎದುರುಮನೆಯ ಕಾಕಿ ನೆನಪಾದಳು. ಪ್ರೀತಿಯಿಂದಲ್ಲ. ಆಕೆಯನ್ನು ಪ್ರೀತಿಯಿಂದ ನೆನೆಯುವವರು ನಮ್ಮ ಓಣಿಯಲ್ಲಿ ಅಂದೂ ಇರಲಿಲ್ಲ.

ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ದು ಕೊಡಬೇಕು. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ಮಾಡಿದ ಆನೆ, ನವಿಲು, ಗಿಳಿ, ಬಸವಣ್ಣ, ಕಮಲ. ಹುಡುಗಿ ಅವನ್ನು ತಾಟಿನಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗುತ್ತಾಳೆ. ನಮ್ಮ ಓಣಿಯಲ್ಲಿ ಒಳ್ಳೆಯ ಸಾಗವಾನಿ ಅಚ್ಚುಗಳಿದ್ದದ್ದು ಕಾಕಿಯ ಹತ್ತಿರ ಮಾತ್ರ. ಶಿರಹಟ್ಟಿಯ ತವರಿನಿಂದ ತಂದಿದ್ದಳು. ಆ ತವರಿನ ಸುದ್ದಿ ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿದ್ದವು. ಶಿರಹಟ್ಟಿಯಲ್ಲಿ ಇವಳ ತವರೊಂದನ್ನು ಬಿಟ್ಟು ಬೇರೆ ಮನೆಗಳೇ ಇಲ್ಲವೇನೋ ಅನ್ನಿಸುತ್ತಿತ್ತು.

ಅಚ್ಚು ಯಾರಿಗೂ ಕೊಡುತ್ತಿರಲಿಲ್ಲ. ಓಣಿಯ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಇವಳನ್ನೇ ಕರೆಯಬೇಕು, ಇವಳು ಬಂದು ಒಲೆಯ ಮುಂದೆ ಕೂತು ಮನೆಯವರನ್ನೆಲ್ಲ ಬೈಯಬೇಕು. ಸಕ್ಕರೆ ಹೊಲಸು, ಒಲೆ ಸಣ್ಣದು, ಚಹಾ ನೀರು. ಪಾಕಕ್ಕೆ ಒಂದಿಷ್ಟು ಹಾಲು ಹಾಕಿ, ಮೇಲೆದ್ದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸುವಷ್ಟು ಹೊತ್ತು ನಮ್ಮ ಅವ್ವನ ಅಡುಗೆಯಿಂದ ಹಿಡಿದು ಮೂಲೆಮನೆಯಾಕೆಯ ರೊಟ್ಟಿಯ ತನಕ ಎಲ್ಲರ ಕೈಗುಣವನ್ನೂ ಅಳೆದು ಬಿಸಾಡುತ್ತಿದ್ದಳು. ನಮ್ಮವ್ವ ಒಮ್ಮೆ ಸೌಟು ಹಿಡಿಯಲು ಹೋದಾಗ ಎಲ್ಲರೆದುರಿಗೇ ಅಂದಿದ್ದಳು, “ನಿನ್ನ ಕೈಯಾಗ ಉಪ್ಪು ಸೈತ ಕರಗೂದಿಲ್ಲವಾ. ದೂರ ಸರಿ.”

ಅವ್ವ ಸುಮ್ಮನೆ ಸರಿದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಕಾಕಿ ಅಚ್ಚಿನ ದಾರ ಬಿಚ್ಚಿ, ಎರಡು ಹೋಳನ್ನು ಮೆಲ್ಲಗೆ ಅಗಲಿಸಿ, ಒಳಗಿನಿಂದ ಬಿಳಿ ಆನೆಯನ್ನು ಎತ್ತಿದಾಗ ಅದರ ಕಣ್ಣು, ಕಿವಿ, ಕೊರಳ ಗಂಟೆ ಎಲ್ಲ ಎದ್ದು ಕಾಣುತ್ತಿದ್ದವು. ಅದೇ ಸಿಟ್ಟು ಬರುವ ಸಂಗತಿ. ಇಷ್ಟು ಕೆಟ್ಟ ಬಾಯಿಯವಳಿಗೆ ಅಂಥ ಕೈ ಯಾಕೆ ಕೊಟ್ಟಿದ್ದನೋ ದೇವರು…

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಅಣ್ಣನಿಗೆ ಲಕ್ಷ್ಮೇಶ್ವರದ ಹುಡುಗಿ ಗೊತ್ತಾಯಿತು. ಅದೇ ವರ್ಷ ಶ್ರಾವಣದಲ್ಲಿ ಕಾಕಿಯ ಗಂಡ ತೀರಿಕೊಂಡ. ಓಣಿಯ ಹೆಂಗಸರಿಗೆ ಅದು ಎಷ್ಟು ಅನುಕೂಲವಾಯಿತು ಎಂದರೆ, ಹೇಳಲು ನಾಚಿಕೆಯಾಗಬೇಕು. ಮುತ್ತೈದೆ ಅಲ್ಲದವಳ ಕೈಯಿಂದ ಗೌರಿಯ ಆರತಿ ಹೊಯ್ಯಿಸುವಂತಿಲ್ಲ ಎಂದು ಮೂಲೆಮನೆಯಾಕೆ ತೀರ್ಪು ಕೊಟ್ಟಳು. ವರ್ಷಗಟ್ಟಲೆ ಕಾಕಿಯ ಬೈಗುಳ ನುಂಗಿದ ಎಲ್ಲರೂ ಗೋಣು ಹಾಕಿದರು. ಶಾಸ್ತ್ರದ ಮೇಲೆ ಇವರಿಗೆ ಅಷ್ಟು ಭಕ್ತಿ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವ್ವನೊಬ್ಬಳು ಗೋಣು ಹಾಕಲಿಲ್ಲ.

ಕಾಕಿಯ ಕೈ ಬೇಡ, ಅಚ್ಚು ಮಾತ್ರ ಬೇಕು. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಮೂಲೆಮನೆಯಾಕೆಯೇ ಹೋಗಿ ಕೇಳಿದಳು. ಕಾಕಿ ಜಗಳವಾಡುತ್ತಾಳೆಂದು ನಾವೆಲ್ಲ ಬಾಗಿಲಲ್ಲಿ ನಿಂತು ಕಾದೆವು. ಆಡಲಿಲ್ಲ. ನೀರು ತುಂಬಿದ ಬಕೆಟ್ಟಿನಲ್ಲಿ ಅಚ್ಚುಗಳು ರಾತ್ರಿಯಿಂದಲೇ ನೆನೆಯುತ್ತಿದ್ದವು. ಬಕೆಟ್ಟಿನ ಸಮೇತ ಎತ್ತಿ ಹೊಸ್ತಿಲ ಹೊರಗಿಟ್ಟಳು. “ಒಯ್ಯಿರಿ. ನಿಮ್ಮ ಬಳೆ ತುಂಬಿದ ಕೈ ಏನ್ ಮಾಡ್ತಾವ ನೋಡೂಣು,” ಎಂದು ತನ್ನ ಕಟ್ಟೆಯ ಮೇಲೆ ಕೂತಳು. ನಮ್ಮ ಅಂಗಳ ಅಲ್ಲಿಂದ ನೆಟ್ಟಗೆ ಕಾಣುತ್ತಿತ್ತು.

ನಮ್ಮ ಮುತ್ತೈದೆಯರು ಮಾಡಿದ ಮೊದಲ ಕೆಲಸವೆಂದರೆ ಆ ನೀರನ್ನು ಗಟಾರಕ್ಕೆ ಚೆಲ್ಲಿದ್ದು. ಸಾವಾದ ಮನೆಯ ನೀರಲ್ಲವೇ! ಆಮೇಲೆ ಅಚ್ಚುಗಳನ್ನು ತಿಕ್ಕಿ ತೊಳೆದರು, ಅರಿಶಿನ ಬಳಿದರು, ಶುದ್ಧವಾಗಲಿ ಎಂದು ಬಿಸಿಲಿಗೆ ಹರವಿದರು. ಮಧ್ಯಾಹ್ನದ ಹೊತ್ತಿಗೆ ಅಚ್ಚು ಒಣಗಿ ಕಟಕಟ ಅನ್ನುತ್ತಿದ್ದವು. ಎಷ್ಟು ವರ್ಷ ಇವರೆಲ್ಲ ಕಾಕಿಯ ಪಕ್ಕದಲ್ಲೇ ಕೂತು ನೋಡಿದ್ದರು! ಅವಳು ಅಚ್ಚನ್ನು ನೀರಿನಿಂದ ತೆಗೆದು ಹಸಿಯಾಗಿಯೇ ದಾರ ಕಟ್ಟುತ್ತಿದ್ದಳು. ಯಾಕೆ ಎಂದು ಒಬ್ಬಳಿಗೂ ಕೇಳಬೇಕೆನ್ನಿಸಿರಲಿಲ್ಲ. ಸ್ವಚ್ಛ ಇರಲಿ ಎಂದು ನೆನೆಸುತ್ತಾಳೆ ಅಂದುಕೊಂಡಿದ್ದರಂತೆ.

ಹಾಡು ಹೇಳುತ್ತ ಹೊಯ್ದರು. ಒಣ ಕಟ್ಟಿಗೆ ಪಾಕವನ್ನು ಹಿಡಿದುಕೊಂಡು ಕೂತಿತು. ಮೊದಲ ಅಚ್ಚು ಬಿಚ್ಚಿದರೆ ಆನೆಯ ಸೊಂಡಿಲು ಅಚ್ಚಿನಲ್ಲಿ, ಉಳಿದ ಆನೆ ಕೈಯಲ್ಲಿ. ಎರಡನೆಯದು ತಲೆಯನ್ನೇ ಬಿಟ್ಟು ಬಂತು. ಬಸವಣ್ಣನ ಕೋಡು ಹೋಯಿತು, ನವಿಲಿನ ಗರಿ ಹೋಯಿತು. ಬಂದದ್ದೆಲ್ಲ ಅರಿಶಿನ ಹತ್ತಿ ಕಾಮಾಲೆಯಾದ ಹಾಗೆ ಹಳದಿ. ಮೂಲೆಮನೆಯಾಕೆ ಚಾಕುವಿನ ತುದಿಯಿಂದ ಗಿಳಿಯನ್ನು ಕೆತ್ತಿ ಕೆತ್ತಿ ತೆಗೆಯುತ್ತ, “ಸಕ್ಕರಿನ ಸರಿ ಇಲ್ಲ,” ಅಂದಳು.

ಎದುರು ಕಟ್ಟೆಯಿಂದ ಕಾಕಿ ನಕ್ಕಳು. ಬಾಯಿಗೆ ಸೆರಗು ಹಿಡಿದು ಅಲ್ಲ, ಓಣಿಗೆಲ್ಲ ಕೇಳುವಂತೆ.

“ಸಕ್ಕರಿ ಛಲೋ ಐತಿ. ಹೊಯ್ಯಾವ್ರನ್ನ ಬಿಸಲಾಗ ಒಣಗಸ್ರಿ!”

ಅವತ್ತು ನನಗೆ ಯಾರ ಮೇಲೆ ಹೆಚ್ಚು ಅಸಹ್ಯವಾಯಿತು ಎಂದು ಈಗಲೂ ಹೇಳಲಾರೆ. ಮರುದಿನ ಹುಣ್ಣಿಮೆ. ಬೆಳಗಿನ ಬಸ್ಸಿಗೆ ನಾವು ಲಕ್ಷ್ಮೇಶ್ವರಕ್ಕೆ ಹೊರಡಬೇಕು. ಬರಿಗೈಯಲ್ಲಿ ಹೋದರೆ ಬೀಗರ ಮುಂದೆ ಅವ್ವನ ಮುಖ ಎಲ್ಲಿ ಉಳಿಯುತ್ತದೆ? ಸೊಂಡಿಲಿಲ್ಲದ ಆನೆಯನ್ನು ಹೊಸ ಸೊಸೆಯ ತಾಟಿನಲ್ಲಿ ಇಟ್ಟರೆ ಅದಕ್ಕಿಂತ ಅಪಶಕುನ ಬೇರೆ ಬೇಕೇ? ಹೆಂಗಸರು ಒಬ್ಬೊಬ್ಬರಾಗಿ ಮನೆಯಲ್ಲಿ ಕೆಲಸವಿದೆ ಎಂದು ಎದ್ದರು. ಅಷ್ಟು ಹೊತ್ತು ಯಾರಿಗೂ ಇರದ ಕೆಲಸ ಆಗ ಎಲ್ಲರಿಗೂ ನೆನಪಾಯಿತು.

ಅವ್ವ ಕೈ ತೊಳೆದುಕೊಂಡಳು. ಅಂಗಳ ದಾಟಿ, ಓಣಿ ದಾಟಿ, ಕಾಕಿಯ ಕಟ್ಟೆಯ ಮುಂದೆ ನಿಂತಳು. ನಾನು ಹಿಂದೆಯೇ ಇದ್ದೆ.

“ಅಕ್ಕಾರ, ನೀವ ಬಂದು ಹೊಯ್ದು ಕೊಡ್ರಿ.”

“ನನ್ನ ಕೈ ನಡೀತೈತೇನು ಈಗ?”

“ಮಂದೀದು ನನಗ ಗೊತ್ತಿಲ್ರಿ. ನನ್ನ ಸೊಸಿಗೆ ನಡೀತೈತಿ.”

ಕಾಕಿ ಈಗ ಅಳುತ್ತಾಳೆ ಅಂದುಕೊಂಡೆ. ಅತ್ತಿದ್ದರೆ ನಾನು ಅವಳನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಆಕೆ ಅಂದದ್ದು ಇಷ್ಟು: “ಅಚ್ಚು ಬಿಸಿನೀರಾಗ ಹಾಕು. ಮುಂಜಾನೆದ್ದು ಬರ್ತೀನಿ. ನೀ ಮಾತ್ರ ಸೌಟು ಮುಟ್ಟಬ್ಯಾಡ.”

ನಸುಕಿನಲ್ಲೇ ಬಂದಳು. ಹಿಂದಿನ ಬಾಗಿಲಿನಿಂದ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನಮ್ಮ ಅತ್ತೆಯೊಬ್ಬರು ಪಿಸುಗುಟ್ಟಿದರು. ಕಾಕಿ ಅವರನ್ನು ಹಾದಿಯಲ್ಲಿ ಬಿದ್ದ ಸಗಣಿಯನ್ನು ನೋಡಿದ ಹಾಗೆ ನೋಡಿ, ಮುಂಬಾಗಿಲಿನ ರಂಗೋಲಿ ದಾಟಿ ಒಳಗೆ ನಡೆದಳು. ಒಲೆಯ ಮುಂದೆ ಕೂತಳು. ಒಲೆ ಸಣ್ಣದೆಂದಳು, ಚಹಾ ನೀರೆಂದಳು, ಅವ್ವನಿಗೆ ಎರಡು ಸಲ ದೂರ ಸರಿ ಎಂದಳು. ಬೆಳಕು ಹರಿಯುವಷ್ಟರಲ್ಲಿ ತಾಟಿನ ತುಂಬ ಬಿಳಿ ಆನೆಗಳು ಸೊಂಡಿಲೆತ್ತಿ ನಿಂತಿದ್ದವು. ಉಪಕಾರ ಅನ್ನಿಸಿಕೊಳ್ಳಲೂ ಕಾಯಲಿಲ್ಲ. ಹಿಂದಿನ ದಿನದ ಮುರುಕು ಆನೆಗಳನ್ನು ಬುಟ್ಟಿಯಲ್ಲಿ ಕಂಡು, “ಇವನ್ನ ಮೂಲಿಮನಿಯಾಕಿಗೆ ಕೊಡ್ರಿ, ಆಕೀಗೂ ಮೂಗಿಲ್ಲ,” ಎಂದು ಹೋದಳು.

ಲಕ್ಷ್ಮೇಶ್ವರದಲ್ಲಿ ಬೀಗರು ಗೊಂಬೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಯಾರು ಹೊಯ್ದದ್ದು ಎಂದು ಕೇಳಿದರು. ಅವ್ವ ಮುಚ್ಚಿಡಲಿಲ್ಲ. ಎದುರುಮನೆಯ ಅಕ್ಕ, ಈ ಶ್ರಾವಣದಲ್ಲಿ ಗಂಡನನ್ನು ಕಳೆದುಕೊಂಡವಳು ಎಂದು ಹೊಸ ಸೊಸೆಯ ಎದುರಿಗೇ ಹೇಳಿದಳು. ಬೀಗರ ಕೈಯಲ್ಲಿದ್ದ ಆನೆ ತಾಟಿಗೆ ಮರಳಿತು. ಆಮೇಲೆ ಹುಡುಗಿಯ ಅವ್ವ ತಾಟು ತೆಗೆದುಕೊಂಡು ಹೋಗಿ ಗೌರಿಯ ಮುಂದಿಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಆ ಹುಡುಗಿ ನಮ್ಮ ವೈನಿಯಾದಳು. ಅಣ್ಣನ ಜೊತೆ ದಿನಾ ಜಗಳವಾಡಿಕೊಂಡು ಇವತ್ತಿಗೂ ಗಟ್ಟಿಯಾಗಿದ್ದಾಳೆ.

ಕಾಕಿ ಸತ್ತು ಬಹಳ ವರ್ಷಗಳಾದವು. ಅವಳ ಮಗ ಆ ಅಚ್ಚುಗಳನ್ನು ಹುಬ್ಬಳ್ಳಿ ರಸ್ತೆಯ ಒಂದು ಹೋಟೆಲಿನವರಿಗೆ ಕೊಟ್ಟ. ಅವರು ಅವಕ್ಕೆ ವಾರ್ನಿಶ್ ಬಳಿದು ಗೋಡೆಗೆ ಮೊಳೆ ಹೊಡೆದಿದ್ದಾರೆ. ಜನ ಅವುಗಳ ಕೆಳಗೆ ಕೂತು ಗೋಬಿ ಮಂಚೂರಿ ತಿನ್ನುತ್ತಾರೆ…

ಈಗ ಅಣ್ಣನ ಮಗನಿಗೆ ಮುಂಡರಗಿಯ ಹುಡುಗಿ ಗೊತ್ತಾಗಿದೆ. ಅವಳಿಗೆ ಒಯ್ಯಲು ತಂದ ಡಬ್ಬಿ ಅದು. ಗೊಂಬೆಗಳನ್ನು ತಾಟಿನಲ್ಲಿ ಜೋಡಿಸೋಣ ಎಂದು ನಾನು ಕೈ ಮುಂದೆ ಮಾಡಿದೆ. ನನ್ನ ಯಜಮಾನರು ತೀರಿಹೋದದ್ದು ಹೋದ ವರ್ಷ. ವೈನಿ ತಾಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ನೀವು ಕುಂಡ್ರಿ, ನಾ ಮಾಡ್ತೀನಿ. ನನಗೇನಿಲ್ರಿ… ಮಂದಿ ಏನರ ಅಂತಾರ.”

ಬಹಳ ಸಮಾಧಾನದಿಂದ ಹೇಳಿದಳು. ಕುರ್ಚಿಯನ್ನೂ ತಂದು ಹಾಕಿದಳು, ಬಾಗಿಲ ಹತ್ತಿರ. ಅಂದು ತನ್ನ ತಾಟಿನ ಆನೆಗಳನ್ನು ಯಾರು ಹೊಯ್ದಿದ್ದರು ಎಂಬುದು ಅವಳಿಗೆ ಗೊತ್ತು. ಮರೆತಿದ್ದಾಳೆ ಎಂದರೆ ನಾನು ನಂಬುವುದಿಲ್ಲ. ಸಂಕಟವಾಯಿತು. ಸಂಕಟಕ್ಕಿಂತ ಹೇಸಿಗೆ ಹೆಚ್ಚಾಯಿತು.

ಕುರ್ಚಿಯ ಮೇಲೆ ಕೂತು, ಒಳಗಿದ್ದವರಿಗೆಲ್ಲ ಕೇಳುವಂತೆ ಅಂದೆ, “ಆನಿಗೆ ಕಣ್ಣ ಇಲ್ಲ ನೋಡ್ರಿ. ತಂದಾವ್ರಿಗೂ ಇಲ್ಲ.”

ಆ ದನಿ ನನ್ನದಲ್ಲ, ಕಾಕಿಯದು. ನಾನು ಓಣಿಯ ಆಚೆ ನೋಡಿದೆ. ಅವಳ ಕಟ್ಟೆ ಇದ್ದಲ್ಲಿ ಮೊಬೈಲ್ ಅಂಗಡಿಯ ಶಟರ್ ಎಳೆದಿತ್ತು. ಆ ಕೆಟ್ಟ ಬಾಯಿಯವಳು ಬೇಕು ಎಂದು ನನಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು. ಅವಳಿಗಾದರೂ ಓಣಿ ದಾಟಿ ಹೋಗಿ ಕರೆಯಲು ನಮ್ಮ ಅವ್ವ ಇದ್ದಳು. ಒಳಗೆ ತಾಟು ತುಂಬುವವರೆಗೂ ನಾನು ಕುರ್ಚಿಯಲ್ಲೇ ಕೂತಿದ್ದೆ. ಯಾರೂ ಕರೆಯಲಿಲ್ಲ.